ಪಿಂಗಾಣಿ ಬಳ್ಳಿಯ ಬಣ್ಣಗಳು

ಚೀನಾ, ಕೊರಿಯಾ ಮತ್ತು ಜಪಾನಿನ ಕಾಡಂಚುಗಳಲ್ಲಿ ಸಹಜವಾಗಿ ಬೆಳೆಯುವ ಪೋರ್ಸಲೇನ್ ಬೆರ್ರಿ, ಅಂದರೆ ಪಿಂಗಾಣಿ ಬಳ್ಳಿ, ದ್ರಾಕ್ಷಿಯೂ ಮಂಗರವಳ್ಳಿಯೂ ಸೇರಿರುವ ಸಸ್ಯಕುಟುಂಬದ್ದು. ಬೇಸಿಗೆಯಲ್ಲಿ ಬಿಡುವ ಇದರ ಹಸಿರುಛಾಯೆಯ ಪುಟ್ಟ ಹೂಗಳು ಗಮನಕ್ಕೇ ಬಾರದಷ್ಟು ಸಾಧಾರಣವಾಗಿದ್ದರೂ, ಶರತ್ಕಾಲದಲ್ಲಿ ಒಂದೇ ಗೊಂಚಲಿನೊಳಗೆ ತಿಳಿಹಸಿರು, ನಸುನೇರಳೆ, ಹಸಿರುನೀಲಿ ಮತ್ತು ಕಡುನೀಲಿ ಹಣ್ಣುಗಳು ಏಕಕಾಲಕ್ಕೆ ಕಾಣಿಸಿಕೊಂಡು, ಸೂಕ್ಷ್ಮ ಚುಕ್ಕೆಗಳಿರುವ ಅವುಗಳ ಮೈ ಮೆರುಗು ಹಚ್ಚಿದ ಪಿಂಗಾಣಿಯಂತೆ ಹೊಳೆಯುತ್ತದೆ. ಆಂಥೋಸಯಾನಿನ್ ಎಂಬ ವರ್ಣದ್ರವ್ಯವು ಫ್ಲೇವೊನಾಲ್ ಎಂಬ ಸಂಯುಕ್ತಗಳ ಜೊತೆಗೂಡಿ ತನ್ನ ಛಾಯೆಯನ್ನು ಬದಲಿಸಿಕೊಳ್ಳುವ ಕ್ರಿಯೆಯೇ ಈ ಅಪೂರ್ವ ನೀಲಿಗೆ ಕಾರಣ; ಉದ್ಯಾನದ ಬಳ್ಳಿಗಳಲ್ಲಿ ಇದಕ್ಕೆ ಸರಿಸಾಟಿಯಾದ ವರ್ಣವೈವಿಧ್ಯ ತೀರಾ ವಿರಳ.

ಬಿಸಿಲು, ನೀರು ನಿಲ್ಲದ ಮಣ್ಣು ಮತ್ತು ಲತಾತಂತುಗಳು, ಅಂದರೆ ಆಸರೆಯನ್ನು ಸುತ್ತಿ ಹಿಡಿಯುವ ಎಳೆಗಳು, ಹಬ್ಬಲು ಗಟ್ಟಿ ಚಪ್ಪರ ಇದಕ್ಕೆ ಬೇಕು. ಹಣ್ಣು ಆಯಾ ವರ್ಷದ ಹೊಸ ಚಿಗುರಿನಲ್ಲೇ ಬಿಡುವುದರಿಂದ, ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟ್ನಿ ಎನ್ನುವ ಸವರುವಿಕೆಯನ್ನು ಚಳಿಗಾಲದ ಕೊನೆಯಲ್ಲಿ ಧಾರಾಳವಾಗಿಯೇ ಮಾಡಬಹುದು. ಬಿಳಿ ಹಾಗೂ ಗುಲಾಬಿ ಮಚ್ಚೆಗಳ ಎಲೆಯುಳ್ಳ ಎಲಿಗನ್ಸ್ ತಳಿ ಅಷ್ಟು ರಭಸದಿಂದ ಹಬ್ಬುವುದಿಲ್ಲ.

ಆದರೆ ತವರಿನಾಚೆ ಈ ಸೊಬಗೇ ಅಪಾಯವಾಗಿದೆ. 1870ರ ದಶಕದಲ್ಲಿ ಅಲಂಕಾರಕ್ಕೆಂದು ಅಮೆರಿಕಕ್ಕೆ ಹೋದ ಬಳ್ಳಿ, ಹಕ್ಕಿಗಳು ಬೀಜ ಹರಡಿದ್ದರಿಂದ ಪೂರ್ವದ ರಾಜ್ಯಗಳಲ್ಲಿ ಸ್ಥಳೀಯ ಗಿಡಮರಗಳ ಮೇಲೆ ಹಬ್ಬಿ ಬೆಳಕನ್ನು ತಡೆಯುತ್ತಿರುವುದರಿಂದ, ಮ್ಯಾಸಚೂಸೆಟ್ಸ್‌ನಲ್ಲಿ ಇದರ ಮಾರಾಟವನ್ನೇ ನಿಷೇಧಿಸಲಾಗಿದೆ. ಅಂಥ ಕಡೆ ಈಗಾಗಲೇ ಬೇರೂರಿರುವ ಬಳ್ಳಿಯನ್ನು ಹಣ್ಣು ಮಾಗುವ ಮುನ್ನವೇ ಬುಡಸಹಿತ ಕೀಳುವುದು ಯುಕ್ತ.