ಬಾಲಿಯ ನೀರು, ನಮ್ಮ ನೀರಗಂಟಿ

ಬಾಲಿಗೆ ಹೋಗಿಬಂದವರ ಕನ್ನಡ ಬರಹಗಳಲ್ಲಿ ಒಂದು ಮಾತು ಬೇರೆ ಬೇರೆ ರೂಪದಲ್ಲಿ ಸಿಗುತ್ತಲೇ ಇರುತ್ತದೆ: ನಾವು ಕಳೆದುಕೊಂಡದ್ದನ್ನು ಅವರು ಉಳಿಸಿಕೊಂಡಿದ್ದಾರೆ. ಇಂಡೋನೇಷ್ಯಾದ ಆ ದ್ವೀಪದಲ್ಲಿ ರಾಮಾಯಣದ ಕುಣಿತ ನೋಡಿ, ಬೀದಿಬದಿಯ ಗಣಪತಿಗೆ ಕೈಮುಗಿದು, ಮನೆಬಾಗಿಲಿನ ಹೂವಿನ ನೈವೇದ್ಯದ ಫೋಟೊ ತೆಗೆದವರಿಗೆ ಹಾಗನ್ನಿಸುವುದು ಸಹಜವೇ. ಈ ನೋಟಕ್ಕೆ ವಯಸ್ಸೂ ಆಗಿದೆ. 1926ರಲ್ಲಿ ಕಲ್ಕತ್ತೆಯಲ್ಲಿ ಗ್ರೇಟರ್ ಇಂಡಿಯಾ ಸೊಸೈಟಿ ಹುಟ್ಟಿತು. ಮರುವರ್ಷ ಟಾಗೋರರು ಜಾವಾ, ಬಾಲಿ ಸುತ್ತಿ ಬಂದರು. ಆಗ್ನೇಯ ಏಷ್ಯಾದಲ್ಲಿ ನಮ್ಮನ್ನೇ ಹುಡುಕಿಕೊಳ್ಳುವ ಅಭ್ಯಾಸ ನೂರು ವರ್ಷದಲ್ಲಿ ಹೆಚ್ಚೇನೂ ಬದಲಾದಂತಿಲ್ಲ.

ಈ ಬರಹಗಳಲ್ಲಿ ಗದ್ದೆಗಳಿಗೆ ಸಿಗುವುದು ಒಂದು ಪ್ಯಾರಾ, ಅದೂ ಮೆಟ್ಟಿಲು ಮೆಟ್ಟಿಲಾದ ಹಸಿರಿನ ವರ್ಣನೆಗೆ. ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ 1991ರಲ್ಲಿ ಪ್ರಕಟಿಸಿದ 'ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್' ಇಡೀ ಪುಸ್ತಕವೇ ಆ ಗದ್ದೆಗಳ ನೀರಿನ ಮೇಲಿದೆ. ಒಂದೇ ಕಾಲುವೆಯ ನೀರುಣ್ಣುವ ರೈತರ ಕೂಟಕ್ಕೆ ಅಲ್ಲಿ 'ಸುಬಕ್' ಎಂದು ಹೆಸರು. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳುಬಿಡಬೇಕು ಎಂಬುದು ಜಲದೇಗುಲಗಳ ಹಬ್ಬ ಪೂಜೆಗಳ ಜೊತೆ ಹೆಣೆದುಕೊಂಡಿದೆ. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿ ಇದ್ದರೆ ಕೀಟಕ್ಕೆ ಮೇವಿಲ್ಲ; ಆದರೆ ಎಲ್ಲರೂ ಒಟ್ಟಿಗೆ ನಾಟಿಗಿಳಿದರೆ ನೀರು ಸಾಲದು. ಇವೆರಡರ ನಡುವಿನ ಹದ ಹುಡುಕುವುದು ದೇಗುಲದ ಕೆಲಸ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದು, ಬಿಡುವಿಲ್ಲದೆ ಬೆಳೆಯಿರಿ ಎಂದಿತು. ನೀರಿನ ಸರದಿ ತಪ್ಪಿತು, ಕೀಟ ಮುತ್ತಿತು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೆ ವಿವರ. ಬಾತೂರ್ ಸರೋವರದ ದೇವತೆ ದೇವಿ ದಾನು. ಅವಳ ಪ್ರಧಾನ ಅರ್ಚಕ ಬ್ರಾಹ್ಮಣನಲ್ಲ. ಹಳೆಯ ಅರ್ಚಕ ತೀರಿಕೊಂಡ ಮೇಲೆ, ಮೈದುಂಬಿದ ಕನ್ಯೆಯೊಬ್ಬಳು ಸಾಮಾನ್ಯ ಕುಲದ ಹುಡುಗನೊಬ್ಬನನ್ನು ಆರಿಸುತ್ತಾಳೆ. ಸುಬಕ್ ಸಭೆಯಲ್ಲೂ ಜಾತಿಯ ಮೇಲುಕೀಳು ಲೆಕ್ಕಕ್ಕಿಲ್ಲ. ಬಾಲಿಯಲ್ಲಿ 'ನಮ್ಮ ಧರ್ಮ'ವನ್ನು ಕಂಡು ಕಣ್ತುಂಬಿಕೊಂಡವರಿಗೆ ಇದೊಂದು ಮಾತ್ರ ಹೇಗೆ ತಪ್ಪಿಹೋಯಿತೋ!

ಲಾನ್ಸಿಂಗರನ್ನು ಪೂರ್ತಿ ಒಪ್ಪಬೇಕಿಲ್ಲ. ಕಂಪ್ಯೂಟರಿನಲ್ಲಿ ಮಾದರಿ ಓಡಿಸಿ ದೇಗುಲದ ಲೆಕ್ಕವೇ ಸರಿ ಎಂದು ತೋರಿಸುವ ಉತ್ಸಾಹದಲ್ಲಿ ಭಕ್ತಿಯೆಂಬುದು ಬರೀ ಉಪಯೋಗದ ಸಾಮಾನಾಗಿಬಿಡುತ್ತದೆ. ರಾಜರ ಪಾತ್ರವನ್ನು ಕುಗ್ಗಿಸಿದರು ಎಂಬ ಆಕ್ಷೇಪವೂ ಅವರ ಮೇಲಿದೆ. ಆದರೂ ಬಾಲಿಯನ್ನು ನಮ್ಮೂರಿನ ಜೊತೆ ಎಲ್ಲಿಟ್ಟು ಹೋಲಿಸಬೇಕು ಎಂಬುದನ್ನು ಅವರ ಪುಸ್ತಕ ತೋರಿಸಿಕೊಡುತ್ತದೆ.

ಆ ಹೋಲಿಕೆಗೆ ಪುರಾಣದ ತನಕ ಹೋಗಬೇಕಿಲ್ಲ, ಬಿ.ಟಿ.ಎಂ. ಲೇಔಟ್ ಸಾಕು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಅತ್ತ ಜಯನಗರದ ಪಕ್ಕದ ಯಡಿಯೂರು, ಜೆ.ಪಿ. ನಗರದ ಸಾರಕ್ಕಿ, ಪುಟ್ಟೇನಹಳ್ಳಿ. ಎಲ್ಲವೂ ಕೆರೆಯಿದ್ದ ಊರುಗಳೇ. ಹಳೇ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ತೂಬೆತ್ತಿ, ಸರದಿಯಂತೆ ಯಾರ ಗದ್ದೆಗೆ ಎಷ್ಟು ನೀರೆಂದು ಅಳೆದು ಬಿಡುತ್ತಿದ್ದವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಪಾಲು. ಕೆರೆ ತುಂಬಿದರೆ ಗಂಗಮ್ಮನಿಗೋ ದುಗ್ಗಲಮ್ಮನಿಗೋ ಊರೆಲ್ಲ ಸೇರಿ ಪೂಜೆ. ಇಷ್ಟರಮಟ್ಟಿಗೆ ಬಾಲಿ ನಮ್ಮದೇ ಅನ್ನಿಸುತ್ತದೆ. ಆದರೆ ನೀರಗಂಟಿಕೆ ಬಹುಪಾಲು ದಲಿತ ಮನೆತನಗಳದ್ದು. ಊರಿನ ಗದ್ದೆಗೆಲ್ಲ ನೀರು ಹಂಚುತ್ತಿದ್ದ ಆ ಕೈ ಅದೇ ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ನಾವು ಕಳೆದುಕೊಂಡದ್ದನ್ನು ಅವರು ಉಳಿಸಿಕೊಂಡರು ಎನ್ನುವವರು ಈ ಕೆರೆಗಳ ಏರಿಯ ಮೇಲೆ ನಿಂತು ಆ ಮಾತನ್ನು ಹೇಳಿ ನೋಡಬೇಕು.

ಈಗ ಆ ಗದ್ದೆಗಳಿಲ್ಲ; ಉಳಿದ ಕೆರೆಗಳ ಸುತ್ತ ವಾಕಿಂಗ್ ದಾರಿಯಿದೆ. ಬಾಲಿಯೂ ಅದೇ ದಾರಿ ಹಿಡಿದಂತಿದೆ. ಸುಬಕ್ ಭೂದೃಶ್ಯಕ್ಕೆ 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಸಿಕ್ಕರೂ ಗದ್ದೆಗಳು ವಿಲ್ಲಾಗಳಾಗುವುದು ನಿಂತಿಲ್ಲ, ಮತ್ತು ನಮ್ಮ ಪ್ರವಾಸ ಬರಹಗಳ ಆ ಹಸಿರು ಪ್ಯಾರಾ ಹುಟ್ಟುವುದು ಹೆಚ್ಚಾಗಿ ಅಂಥ ವಿಲ್ಲಾದ ಜಗಲಿಯಲ್ಲೇ. ಮುಂದಿನ ರಜೆಯಲ್ಲಿ ಜಯನಗರದಿಂದ ಹೋಗುವ ಯಾರಾದರೂ ಈ ವಾರ ನೀರಿನ ಸರದಿ ಯಾರದು ಎಂದು ಅಲ್ಲಿನ ರೈತರನ್ನು ಕೇಳಿ ಬಂದು ಬರೆದರೆ, ಓದಲು ನಾನಂತೂ ಕಾದಿದ್ದೇನೆ.