ಕತ್ತಲ ಊರಿನ ಕಾವಲುಗಾರ: ‘ಬ್ಯಾಟ್‌ಮ್ಯಾನ್’ ಕಾರ್ಟೂನಿನ ಹೊಸ ರಸಿಕರಿಗೊಂದು ಕೈಪಿಡಿ

1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ‘ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್’ ಶುರುವಾಯಿತು. ಶಾಲೆಯಿಂದ ಬಂದವರೇ ಬ್ಯಾಗು ಮೂಲೆಗೆಸೆದು ಟಿ.ವಿ. ಮುಂದೆ ಕೂರುತ್ತಿದ್ದ ಅಂದಿನ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಅವರೆದುರು ಈ ಹೆಸರೆತ್ತಿದರೆ ಸಾಕು, ಮಾತು ಉಕ್ಕಿ ಬರುತ್ತದೆ: ಕೆಂಪು ಆಕಾಶ, ಜೋಕರನ ನಗು, ಮಿಸ್ಟರ್ ಫ್ರೀಜ್‌ನ ಸಂಕಟ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವ ಹೊಸಬರಿಗೆ ಅನುಮಾನ ಬರುವುದು ಸಹಜ. ಚಿಕ್ಕಂದಿನಲ್ಲಿ ನೋಡಿದ್ದೆಲ್ಲ ಎಲ್ಲರಿಗೂ ಚಂದವೇ. ಈಗ ಮೊದಲ ಸಲ ನೋಡುವ ನನಗೆ ಇದರಲ್ಲಿ ಏನು ಸಿಕ್ಕೀತು?

ಬಹಳಷ್ಟು ಸಿಗುತ್ತದೆ. ಇದನ್ನು ಮಾಡಿದವರು ನೋಡುವವರು ಮಕ್ಕಳು ತಾನೇ ಎಂದು ಕೈ ಸಡಿಲ ಬಿಡಲಿಲ್ಲ. ಅಗಲಿಕೆ, ಒಂಟಿತನ, ಅಪರಾಧಿ ಭಾವ, ಸೇಡಿನ ನಿಷ್ಫಲತೆ ಎಲ್ಲವನ್ನೂ ಸುಮಾರು 22 ನಿಮಿಷದ ಕತೆಯೊಳಗೆ ನೇರವಾಗಿ ಮಕ್ಕಳ ಮುಂದಿಟ್ಟರು. ಆ ಮಕ್ಕಳ ಪ್ರೀತಿ ಮೂವತ್ತು ವರ್ಷ ದಾಟಿಯೂ ಬಾಡದೆ ಉಳಿದಿರುವುದು ಈ ಗೌರವಕ್ಕೆ. ಆ ಗೌರವ ಎಲ್ಲೆಲ್ಲಿ ಕೆಲಸ ಮಾಡಿದೆ ಎಂದು ಗುರುತಿಸಲು ಕಲಿತರೆ ಹೊಸಬರಿಗೂ ಇದು ಸ್ವಂತದ್ದಾಗುತ್ತದೆ.

ಮೊದಲು ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಿ

ಶುರುವಿನ ಶೀರ್ಷಿಕೆ ದೃಶ್ಯವನ್ನು ಹಾರಿಸಬೇಡಿ. ಒಂದು ನಿಮಿಷದ ಅದರಲ್ಲಿ ಮಾತಿಲ್ಲ, ಕಾರ್ಯಕ್ರಮದ ಹೆಸರು ಕೂಡ ಇಲ್ಲ. ಬ್ಯಾಂಕು ಸ್ಫೋಟಗೊಳ್ಳುತ್ತದೆ, ಇಬ್ಬರು ಕಳ್ಳರು ಮಾಡಿನ ಮೇಲೆ ಓಡುತ್ತಾರೆ, ಒಂದು ನೆರಳು ಅವರನ್ನು ಮಣಿಸುತ್ತದೆ, ಕಡೆಗೆ ಮಿಂಚು ಹೊಡೆದಾಗ ಕಟ್ಟಡದ ತುದಿಯಲ್ಲಿ ನಿಂತವನು ಯಾರೆಂದು ಕಾಣುತ್ತದೆ. ಹೆಸರು ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಈ ಸರಣಿಯನ್ನು ರೂಪಿಸಿದವರು ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್ಸ್ಕಿ. ಕಾರ್ಟೂನಿನ ಹಿನ್ನೆಲೆ ಚಿತ್ರಗಳನ್ನು ಸಾಮಾನ್ಯವಾಗಿ ಬಿಳಿ ಕಾಗದದ ಮೇಲೆ ಬರೆಯುತ್ತಾರೆ. ರಾಡೊಮ್ಸ್ಕಿ ಕಪ್ಪು ಕಾಗದ ತೆಗೆದುಕೊಂಡರು. ಬಿಳಿ ಕಾಗದದಲ್ಲಿ ಕಲಾವಿದ ಕತ್ತಲನ್ನು ತುಂಬಬೇಕು. ಕಪ್ಪು ಕಾಗದದಲ್ಲಿ ಕತ್ತಲು ಮೊದಲೇ ಇರುತ್ತದೆ, ಬೆಳಕನ್ನಷ್ಟೇ ಬರೆಯಬೇಕು. ಹಾಗಾಗಿ ಗೋಥಮ್ ನಗರದಲ್ಲಿ ಒಂದು ಕಿಟಕಿ, ಒಂದು ಬೀದಿದೀಪ, ಗೋಪುರದ ಒಂದು ಅಂಚು ಮಾತ್ರ ಕಾಣುತ್ತದೆ. ಉಳಿದದ್ದನ್ನು ನಮ್ಮ ಕಣ್ಣೇ ಕಟ್ಟಿಕೊಳ್ಳುತ್ತದೆ. ಈ ಶೈಲಿಗೆ ‘ಡಾರ್ಕ್ ಡೆಕೊ’ ಎಂಬ ಹೆಸರೇ ಬಿತ್ತು.

ಇನ್ನು ಇದು ಯಾವ ಕಾಲದ ಊರು ಎಂದು ಕೇಳಿಕೊಳ್ಳುತ್ತಾ ನೋಡಿ. ಬ್ಯಾಟ್‌ಮ್ಯಾನ್ ಗುಹೆಯಲ್ಲಿ ಕಂಪ್ಯೂಟರ್ ಇದೆ, ಆದರೆ ಮನೆಗಳ ಟಿ.ವಿ. ಕಪ್ಪು ಬಿಳುಪು. ಪೊಲೀಸರು ಗಾಳಿಹಡಗಿನಲ್ಲಿ ಗಸ್ತು ತಿರುಗುತ್ತಾರೆ, ರೌಡಿಗಳ ಕೈಯಲ್ಲಿ 1930ರ ದಶಕದ ಮಷಿನ್ ಗನ್ನು. 1941ರಿಂದ 43ರವರೆಗೆ ಬಂದ ಫ್ಲೈಷರ್ ಸ್ಟುಡಿಯೋ ಪರಂಪರೆಯ ‘ಸೂಪರ್‌ಮ್ಯಾನ್’ ಕಿರುಚಿತ್ರಗಳ ಋಣ ಇಲ್ಲಿ ದಟ್ಟವಾಗಿದೆ. ಯಾವ ಕಾಲಕ್ಕೂ ಪೂರ್ತಿ ಸೇರದ ಊರಾದ್ದರಿಂದ ಇದು ಹಳತಾಗಲೂ ಇಲ್ಲ.

ಕಿವಿಗೂ ಸಮಪಾಲು ಕೊಡಿ

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ನೋಡಿದರೆ ಅರ್ಧ ಕಳೆದುಕೊಂಡಂತೆ. ಶೀರ್ಷಿಕೆ ಸಂಗೀತ ಡ್ಯಾನಿ ಎಲ್ಫ್‌ಮನ್ 1989ರ ಬ್ಯಾಟ್‌ಮ್ಯಾನ್ ಸಿನಿಮಾಕ್ಕೆ ಮಾಡಿದ ರಾಗದ್ದು. ಆ ಸಿನಿಮಾದ ವಾದ್ಯವೃಂದ ನಡೆಸಿದ್ದ ಶರ್ಲಿ ವಾಕರ್ ಇಲ್ಲಿ ಹಿನ್ನೆಲೆ ಸಂಗೀತದ ಹೊಣೆ ಹೊತ್ತರು. ಮಕ್ಕಳ ಕಾರ್ಟೂನಿಗೆ ಹಿಂದಿನ ಕಂತಿನ ತುಣುಕುಗಳನ್ನೇ ತಿರುಗಿಸಿ ಹಾಕುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇಲ್ಲಿ ಕಂತು ಕಂತಿಗೂ ಹೊಸ ಸಂಗೀತ ಬರೆದು ನಿಜವಾದ ವಾದ್ಯವೃಂದದಿಂದ ನುಡಿಸಿದರು. ಒಬ್ಬೊಬ್ಬ ಖಳನಿಗೂ ಅವನದೇ ಧಾಟಿ. ಒಮ್ಮೆ ಕಣ್ಣು ಮುಚ್ಚಿ ಕೇಳಿ; ಬಂದವನು ಯಾರೆಂದು ಗೊತ್ತಾಗುತ್ತದೆ.

ದನಿಯ ವಿಷಯದಲ್ಲೂ ಅಷ್ಟೇ ಶ್ರದ್ಧೆ. ದನಿ ನಿರ್ದೇಶಕಿ ಆಂಡ್ರಿಯಾ ರೊಮಾನೊ ಕಲಾವಿದರನ್ನು ಒಬ್ಬೊಬ್ಬರಾಗಿ ಕರೆಸಿ ಮಾತು ಹೇಳಿಸದೆ, ಒಟ್ಟಿಗೆ ಕೂರಿಸಿ ನಾಟಕದಂತೆ ಆಡಿಸಿದರು. ಒಬ್ಬನ ಮಾತಿಗೆ ಇನ್ನೊಬ್ಬ ಉಸಿರು ಬಿಗಿಹಿಡಿಯುವುದು ಅದರಿಂದಲೇ ಕೇಳಿಸುತ್ತದೆ. ಕೆವಿನ್ ಕಾನ್ರಾಯ್ ಬ್ಯಾಟ್‌ಮ್ಯಾನ್‌ಗೆ ಒಂದು ದನಿ, ಮುಖವಾಡ ಕಳಚಿದ ಶ್ರೀಮಂತ ಬ್ರೂಸ್ ವೇಯ್ನ್‌ಗೆ ಇನ್ನೊಂದು ದನಿ ಕೊಟ್ಟರು. ಯಾವುದು ಅವನ ಸಹಜ ದನಿ, ಯಾವುದು ನಟನೆ ಎಂದು ಗಮನಿಸಿ: ಬ್ರೂಸ್‌ನ ಲಘುವಾದ ದನಿಯೇ ವೇಷ. ಸೇವಕ ಆಲ್ಫ್ರೆಡ್ ಜತೆ ಮುಖವಾಡವಿಲ್ಲದೆ ಮಾತಾಡುವಾಗಲೂ ಆಳದ ದನಿಯೇ ಬರುತ್ತದೆ. ಕಾನ್ರಾಯ್ 2022ರ ನವೆಂಬರಿನಲ್ಲಿ ತೀರಿಕೊಂಡಾಗ ಮೂವತ್ತು ವರ್ಷದ ಅಭಿಮಾನಿಗಳು ಮನೆಯವರನ್ನೇ ಕಳೆದುಕೊಂಡಂತೆ ಮರುಗಿದ್ದು ಆ ದನಿಯ ಜತೆಗೇ ಬೆಳೆದಿದ್ದರಿಂದ. ಜೋಕರನಾದ ಮಾರ್ಕ್ ಹ್ಯಾಮಿಲ್‌ನ ನಗುವನ್ನೂ ಬಿಡಿಸಿ ಕೇಳಿ. ಒಂದು ನಗು ಖುಷಿಯದು, ಒಂದು ಕೊಲೆಗೆ ಮುನ್ನಿನದು, ಒಂದು ಸೋತಾಗಿನದು.

ಖಳನ ಅಳಲು ಕೇಳಿ

ಮೊದಲ ಕಂತಾಗಿ ಯಾವುದನ್ನು ನೋಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ‘ಹಾರ್ಟ್ ಆಫ್ ಐಸ್’. ಬರೆದವರು ಪಾಲ್ ಡೀನಿ, ನಿರ್ದೇಶನ ಟಿಮ್ ಅವರದೇ. ಮಿಸ್ಟರ್ ಫ್ರೀಜ್ ಅಲ್ಲಿಯವರೆಗೆ ಕಾಮಿಕ್ಸ್‌ನಲ್ಲಿ ಮಂಜಿನ ಬಂದೂಕು ಹಿಡಿದ ಸಾಧಾರಣ ಕಳ್ಳ. ಈ ಕಂತು ಅವನಿಗೊಂದು ಬದುಕು ಕೊಟ್ಟಿತು.

ಕಂತು ಶುರುವಾಗುವುದು ಗಾಜಿನ ಗೋಳದೊಳಗೆ ತಿರುಗುವ ಪುಟ್ಟ ನರ್ತಕಿಯ ಬೊಂಬೆಯಿಂದ. ಫ್ರೀಜ್ ಅದರೆದುರು ಒಬ್ಬನೇ ಮಾತಾಡುತ್ತಾನೆ. ದನಿಯಲ್ಲಿ ಏರಿಳಿತವೇ ಇಲ್ಲ. ಅವನು ವಿಜ್ಞಾನಿಯಾಗಿದ್ದ. ವಾಸಿಯಾಗದ ಕಾಯಿಲೆಯ ಹೆಂಡತಿ ನೋರಾಳನ್ನು ಮದ್ದು ಸಿಗುವವರೆಗೆ ಶೈತ್ಯದಲ್ಲಿಟ್ಟು ಕಾಪಾಡಲು ಹೊರಟಿದ್ದ. ಖರ್ಚು ಜಾಸ್ತಿಯಾಯಿತೆಂದು ಕಂಪನಿಯ ಮಾಲೀಕ ಪ್ರಯೋಗ ನಿಲ್ಲಿಸಿ, ಅಡ್ಡ ಬಂದ ಅವನನ್ನು ರಾಸಾಯನಿಕದ ಮೇಲೆ ತಳ್ಳಿದ. ಅದೇ ಮಾಲೀಕನಿಗೆ ಈಗ ಮಾನವತಾವಾದಿ ಪ್ರಶಸ್ತಿ ಸಮಾರಂಭ. ಬ್ಯಾಟ್‌ಮ್ಯಾನ್ ಈ ಸತ್ಯವನ್ನು ಹಳೆಯ ವಿಡಿಯೊ ಟೇಪಿನಲ್ಲಿ ನೋಡಿ ದಂಗಾಗುವ ಕ್ಷಣ ಕತೆಯ ತಿರುವು.

ಅಂದು ಬ್ಯಾಟ್‌ಮ್ಯಾನ್‌ಗೆ ನೆಗಡಿ. ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಬಿಸಿ ಕೋಳಿ ಸೂಪು ತುಂಬಿ ಕಳಿಸಿರುತ್ತಾನೆ. ಕಡೆಯ ಹೊಡೆದಾಟದಲ್ಲಿ ಆ ಸೂಪೇ ಫ್ರೀಜ್‌ನ ಗಾಜಿನ ಶಿರಸ್ತ್ರಾಣವನ್ನು ಒಡೆಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವ ಜಾಗ ಇದು. ದೊಡ್ಡವರು ಇನ್ನೊಂದನ್ನು ಕಂಡುಕೊಳ್ಳಬಹುದು: ಕಾಳಜಿ ಮಾಡುವ ಒಬ್ಬರು ಮನೆಯಲ್ಲಿದ್ದವನು ಗೆದ್ದ, ಇದ್ದೊಬ್ಬಳನ್ನು ಕಳೆದುಕೊಂಡವನು ಸೋತ. ಬ್ಯಾಟ್‌ಮ್ಯಾನ್ ಮಾಲೀಕನನ್ನೂ ಬಿಡುವುದಿಲ್ಲ. ಟೇಪನ್ನು ವರದಿಗಾರ್ತಿಯ ಕೈಗೆ ಕೊಡುತ್ತಾನೆ. ಇಷ್ಟಾದರೂ ಫ್ರೀಜ್‌ಗೆ ನೋರಾ ಸಿಗುವುದಿಲ್ಲ. ನ್ಯಾಯ ಸಿಕ್ಕರೂ ದುಃಖ ಹೋಗದು ಎಂಬುದನ್ನು ಏಳೆಂಟು ವರ್ಷದ ಮಗುವಿಗೆ ಹೇಳುವ ಧೈರ್ಯ ಆ ತಂಡಕ್ಕಿತ್ತು. ಈ ಬರವಣಿಗೆಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು.

ಎಲ್ಲ ಕಂತೂ ಒಂದೇ ತೂಕದ್ದಲ್ಲ

ಒಟ್ಟು 85 ಕಂತುಗಳು. ಕತೆ, ವಿನ್ಯಾಸ ಅಮೆರಿಕದಲ್ಲಾದರೂ ಚಿತ್ರಗಳಿಗೆ ಚಲನೆ ಕೊಡುವ ಕೆಲಸ ಜಪಾನ್, ಕೊರಿಯಾಗಳ ಬೇರೆ ಬೇರೆ ಸ್ಟುಡಿಯೋಗಳಿಗೆ ಹೋಗುತ್ತಿತ್ತು. ಒಂದು ಕಂತಿನಲ್ಲಿ ಮುಖಗಳು ಗಡುಸಾಗಿ, ಮುಂದಿನದರಲ್ಲಿ ಜೀವಂತವಾಗಿ ಕಾಣುವುದು ಅದಕ್ಕೇ. ವ್ಯತ್ಯಾಸ ತಿಳಿಯಬೇಕಾದರೆ ‘ಫೀಟ್ ಆಫ್ ಕ್ಲೇ’ ಕತೆಯ ಎರಡೂ ಭಾಗಗಳನ್ನು ಬೆನ್ನುಬೆನ್ನಿಗೆ ನೋಡಿ. ಎರಡನೆಯದನ್ನು ಜಪಾನಿನ ಟಿ.ಎಮ್.ಎಸ್. ಸ್ಟುಡಿಯೋ ಮಾಡಿತು. ಬೇಕೆಂದ ರೂಪ ತಾಳಬಲ್ಲ ಮಣ್ಣಿನ ಮನುಷ್ಯನಾಗಿಬಿಟ್ಟ ನಟನೊಬ್ಬನಿಗೆ ಅವನೇ ಮಾಡಿದ ಹಳೆಯ ಪಾತ್ರಗಳನ್ನು ಪರದೆಗಳ ಮೇಲೆ ತೋರಿಸಿದಾಗ, ಅವನ ಮೈ ಒಂದಾದ ಮೇಲೊಂದು ವೇಷಕ್ಕೆ ತಿರುಗುತ್ತಾ ಹತೋಟಿ ತಪ್ಪುವ ದೃಶ್ಯ ಅದರಲ್ಲಿದೆ. ಕೈಯಿಂದ ಬರೆದ ಚಿತ್ರ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಅಷ್ಟು ಸಾಕು. ದುರ್ಬಲ ಕಂತು ಎದುರಾದರೆ ಬೇಸರಿಸದೆ ಮುಂದಿನದಕ್ಕೆ ಹೋಗಿ.

ಅಭಿಮಾನಿಯೇ ಕತೆಯಾದಾಗ

ಬಾಲ್ಯದ ನಾಯಕನನ್ನು ದೊಡ್ಡವರಾದ ಮೇಲೂ ಪ್ರೀತಿಸುವುದು ಹೇಗೆ? ಈ ಪ್ರಶ್ನೆಯನ್ನೇ ಸರಣಿ ಎತ್ತಿಕೊಂಡದ್ದು ‘ಬಿವೇರ್ ದಿ ಗ್ರೇ ಗೋಸ್ಟ್’ ಕಂತಿನಲ್ಲಿ. ಗೋಥಮ್‌ನಲ್ಲಿ ಬಾಂಬುಗಳು ಸಿಡಿಯುತ್ತಿವೆ. ಚಿಕ್ಕವನಿದ್ದಾಗ ಅಪ್ಪನ ಜತೆ ನೋಡುತ್ತಿದ್ದ ‘ಗ್ರೇ ಗೋಸ್ಟ್’ ಎಂಬ ಟಿ.ವಿ. ಸರಣಿಯ ಒಂದು ಕಂತಿನಂತೆಯೇ ಇವು ನಡೆಯುತ್ತಿವೆ ಎಂದು ಬ್ರೂಸ್‌ಗೆ ಹೊಳೆಯುತ್ತದೆ. ಆ ಪಾತ್ರ ಮಾಡಿದ್ದ ಸೈಮನ್ ಟ್ರೆಂಟ್ ಈಗ ಮುದುಕ. ಆ ಒಂದು ವೇಷದ ನೆರಳಿನಿಂದ ಹೊರಬರಲಾಗದೆ ಬೇರೆ ಪಾತ್ರ ಸಿಗುತ್ತಿಲ್ಲ. ಬಾಡಿಗೆ ಕಟ್ಟಲು ಹಳೆಯ ನೆನಪಿನ ವಸ್ತುಗಳನ್ನು ಮಾರುತ್ತಿದ್ದಾನೆ.

ಟ್ರೆಂಟ್‌ಗೆ ದನಿ ಕೊಟ್ಟವರು ಆ್ಯಡಮ್ ವೆಸ್ಟ್. 1966ರಿಂದ 68ರವರೆಗೆ ಟಿ.ವಿ.ಯಲ್ಲಿ ಬಣ್ಣಬಣ್ಣದ, ನಗೆಯ ಬ್ಯಾಟ್‌ಮ್ಯಾನ್ ಆಗಿ, ಆಮೇಲೆ ಅದೇ ವೇಷಕ್ಕೆ ಕಟ್ಟುಬಿದ್ದ ನಟ. ಕತ್ತಲ ಬ್ಯಾಟ್‌ಮ್ಯಾನ್ ಕಟ್ಟುತ್ತಿದ್ದವರು ಆ ಹಳೆಯ ನಗೆಯ ಬ್ಯಾಟ್‌ಮ್ಯಾನ್‌ನನ್ನು ಹಂಗಿಸಲಿಲ್ಲ, ಕರೆದು ಹಿರಿಯರಂತೆ ಕೂರಿಸಿದರು. ಗುಹೆಯೊಳಗೆ ಬ್ಯಾಟ್‌ಮ್ಯಾನ್ ಟ್ರೆಂಟ್‌ಗೆ ತಾನು ಕೂಡಿಟ್ಟ ಗ್ರೇ ಗೋಸ್ಟ್ ವಸ್ತುಗಳನ್ನು ತೋರಿಸಿ, ನೀವೇ ನನ್ನ ನಾಯಕ ಎಂದು ತಿಳಿಸುವ ಜಾಗದಲ್ಲಿ ಪಾತ್ರ ಯಾವುದು, ನಿಜ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಎರಡು ತಲೆಮಾರಿನ ಬ್ಯಾಟ್‌ಮ್ಯಾನ್ ದನಿಗಳು ಅಲ್ಲಿ ಎದುರುಬದುರು.

ಬಾಂಬು ಇಟ್ಟವನೂ ಅಭಿಮಾನಿಯೇ. ಆಟಿಕೆ ಅಂಗಡಿಯ ಮಾಲೀಕ. ಇನ್ನಷ್ಟು ಆಟಿಕೆ ಕೂಡಿಹಾಕಲು ದುಡ್ಡು ಬೇಕೆಂದು ಆಟದ ಕಾರುಗಳಲ್ಲೇ ಬಾಂಬು ಕಳಿಸುತ್ತಾನೆ. ಅವನಿಗೆ ದನಿ ಕೊಟ್ಟವರು ಸ್ವತಃ ಬ್ರೂಸ್ ಟಿಮ್, ಮುಖವೂ ಅವರದೇ. ಮಾಡಿದವರು ಈ ಎಚ್ಚರಿಕೆಯನ್ನು ತಮಗೂ ಹೇಳಿಕೊಂಡರು. ಒಬ್ಬ ಅಭಿಮಾನಿ ಬಾಲ್ಯದ ಕತೆಯಿಂದ ಧೈರ್ಯ ಪಡೆದು ಬದುಕು ಕಟ್ಟಿದ, ಆ ಕತೆ ಕೊಟ್ಟವನನ್ನು ಹುಡುಕಿಕೊಂಡು ಹೋಗಿ ಋಣ ತೀರಿಸಿದ. ಇನ್ನೊಬ್ಬ ವಸ್ತುಗಳನ್ನಷ್ಟೇ ಉಳಿಸಿಕೊಂಡು ಊರನ್ನು ಸುಡಲು ಹೊರಟ. ಇಬ್ಬರ ಬಳಿಯೂ ಆಟಿಕೆಗಳಿದ್ದವು ಎಂಬುದನ್ನು ಮರೆಯಬೇಡಿ. ಕೂಡಿಡುವುದು ತಪ್ಪೆಂದು ಕತೆ ಹೇಳುವುದಿಲ್ಲ. ಇಷ್ಟಪಟ್ಟದ್ದು ನಿಮ್ಮನ್ನು ಏನು ಮಾಡಿತು ಎಂದು ಕೇಳುತ್ತದೆ. ಕಡೆಗೆ ಟ್ರೆಂಟ್ ಬಳಿ ಉಳಿದಿದ್ದ ಹಳೆಯ ಪ್ರತಿಗಳು ವಿಡಿಯೊ ಆಗಿ ಎಲ್ಲರ ಕೈಸೇರುತ್ತವೆ. ಕಾಪಾಡಿಕೊಂಡದ್ದನ್ನು ಹಂಚಿದಾಗಲೇ ಆ ಮುದುಕನ ಬದುಕೂ ಚಿಗುರುತ್ತದೆ.

ಎಲ್ಲಿಂದ ಶುರು ಮಾಡಲಿ?

‘ಹಾರ್ಟ್ ಆಫ್ ಐಸ್’ ಆದ ಮೇಲೆ ‘ಜೋಕರ್ಸ್ ಫೇವರ್’ ನೋಡಿ. ಹಾರ್ಲಿ ಕ್ವಿನ್ ಮೊದಲು ಕಾಣಿಸಿಕೊಂಡದ್ದು ಅಲ್ಲಿ. ಕಾಮಿಕ್ಸ್‌ಗೆ, ಸಿನಿಮಾಕ್ಕೆ ಹೋದದ್ದು ಆಮೇಲೆ. ನಂತರ ‘ಟೂ-ಫೇಸ್’ ಮತ್ತು ‘ರಾಬಿನ್ಸ್ ರೆಕನಿಂಗ್’, ಎರಡೂ ಎರಡೆರಡು ಭಾಗದವು. ಖಳರೆಲ್ಲ ಇಸ್ಪೀಟು ಆಡುತ್ತಾ ತಾವು ಬ್ಯಾಟ್‌ಮ್ಯಾನ್‌ನನ್ನು ಮುಗಿಸಲು ಹೊರಟ ಕತೆ ಹೇಳಿಕೊಳ್ಳುವ ‘ಆಲ್ಮೋಸ್ಟ್ ಗಾಟ್ ಇಮ್’ ನಗಿಸುತ್ತದೆ. ಆಮೇಲೆ ‘ಗ್ರೇ ಗೋಸ್ಟ್’. ಕೊನೆಗೆ 1993ರ ಡಿಸೆಂಬರಿನಲ್ಲಿ ಥಿಯೇಟರಿಗೆ ಬಂದ ‘ಮಾಸ್ಕ್ ಆಫ್ ದಿ ಫ್ಯಾಂಟಾಸಮ್’. 1997ರಲ್ಲಿ ಮುಂದುವರಿದ ಸರಣಿಯ ಚಿತ್ರಶೈಲಿಯೇ ಬೇರೆ. ಅದಕ್ಕೆ ಆತುರ ಬೇಡ. ದಿನಕ್ಕೆ ಒಂದೇ ಕಂತು ಸಾಕು, ಏಕೆಂದರೆ ಇವನ್ನು ಒಂದೇ ಉಸಿರಿಗೆ ನೋಡಲೆಂದು ಮಾಡಿದ್ದಲ್ಲ.

ಹಳೆಯ ಅಭಿಮಾನಿಗಳಿಗೂ ಒಂದು ಮಾತು. ಹೊಸಬರನ್ನು ಕೂರಿಸಿಕೊಂಡು ತೋರಿಸುವಾಗ ಮುಂದೇನಾಗುತ್ತದೆ ಎಂದು ಹೇಳಬೇಡಿ, ನಮ್ಮ ಕಾಲದಲ್ಲಿ ಎಂಬ ರಾಗ ಎಳೆಯಬೇಡಿ. ಅವರಿಗೆ ನಿಮ್ಮ ಬಾಲ್ಯ ಬೇಕಿಲ್ಲ, ಕತೆ ಬೇಕು. ಜತೆಗಿರುವುದು ಮನೆಯ ಮಗುವಾದರೆ ಕಂತು ಮುಗಿದ ಮೇಲೆ ಇಷ್ಟವಾಯಿತಾ ಎಂದು ಕೇಳುವ ಬದಲು, ಫ್ರೀಜ್‌ನದು ತಪ್ಪಾ ಎಂದು ಕೇಳಿ. ಬರುವ ಉತ್ತರವನ್ನು ತಿದ್ದದೆ ಪೂರ್ತಿ ಕೇಳಿಸಿಕೊಳ್ಳಿ. ಈ ಕಾರ್ಟೂನು ಮಕ್ಕಳಿಗೆ ತೋರಿದ ಗೌರವವನ್ನು ನೀವು ಮುಂದಿನವರಿಗೆ ದಾಟಿಸುವ ದಾರಿ ಅದೇ.