ಸೋಯಾ ಬೇರಿನ ಕೆಂಪು ಗಂಟು

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ಕಡೆ ಮುಂಗಾರಿನ ಸೋಯಾ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಬೇಕು. ತುಂಬಾ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ನಸುಗೆಂಪು! ಅದು ಲೆಗ್‌ಹೀಮೊಗ್ಲೋಬಿನ್, ನಮ್ಮ ರಕ್ತದ ಹೀಮೊಗ್ಲೋಬಿನ್ನಿನ ಬಳಗದ್ದೇ. 1939ರಲ್ಲಿ ಜಪಾನಿನ ವಿಜ್ಞಾನಿ ಕುಬೊ ಇದನ್ನು ಗುರುತಿಸಿದ್ದೂ ಸೋಯಾ ಬೇರಿನಲ್ಲೇ.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿಕೊಡುತ್ತವೆ, ಗಿಡದಿಂದ ಆಹಾರ ಪಡೆಯುತ್ತವೆ. ಆಮ್ಲಜನಕ ಹೆಚ್ಚಾದರೆ ಈ ಕೆಲಸ ಮಾಡುವ ಅವುಗಳ ಕಿಣ್ವ ಕೆಡುತ್ತದೆ. ಆ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು, ಉಸಿರಾಟಕ್ಕೆ ಬೇಕಾದಷ್ಟನ್ನೇ ಬಿಡುತ್ತದೆ. ಬೀದರಿನ ಮಕ್ಕಳಿಗೆ ಸಹಜೀವನ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇರೆ ಬೇಕಿಲ್ಲ. ಹಸಿರು ಗಂಟು ಸಿಕ್ಕರೆ ಅದನ್ನೂ ಸೀಳಿ ತೋರಿಸಿ: ಅದರ ಕೆಲಸ ಮುಗಿದಿದೆ.